ಎಡಿಸನ್‌ನ ತಟ್ಟೆ ಇಡ್ಲಿ, ಊರಿನ ಮಕ್ಕಳ ಫೀಸು

ನವೆಂಬರ್ ತಿಂಗಳ ಶನಿವಾರ, ಬೆಳಗಿನ ಆರು ಗಂಟೆ. ಹೊರಗೆ ಕಾರುಗಳ ಗಾಜಿನ ಮೇಲೆ ತೆಳುವಾದ ಹಿಮ ಕೂತಿದೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ರಾಜ್ಯೋತ್ಸವಕ್ಕೆಂದು ಬಾಡಿಗೆಗೆ ಹಿಡಿದ ಸಭಾಂಗಣದ ಅಡುಗೆಮನೆಯಲ್ಲಿ ಆಗಲೇ ಇಡ್ಲಿಯ ಹಬೆ ಏಳುತ್ತಿದೆ. ವಾರವಿಡೀ ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವ ನಮ್ಮ ಗೆಳೆಯ ಏಪ್ರನ್ ಕಟ್ಟಿಕೊಂಡು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಾನೆ. ಔಷಧ ಕಂಪನಿಯಲ್ಲಿ ವಿಜ್ಞಾನಿಯಾಗಿರುವ ಅಕ್ಕ ಕಾಫಿ ಡಿಕಾಕ್ಷನ್ ಇಳಿಸುತ್ತಿದ್ದಾರೆ. ಹೈಸ್ಕೂಲು ಓದುವ ಮಕ್ಕಳು ಬಾಗಿಲ ಬಳಿ ಮೇಜು ಹಾಕಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಬೋರ್ಡು ನಿಲ್ಲಿಸಿದ್ದಾರೆ: ‘ತಟ್ಟೆ ಇಡ್ಲಿ ತಿನ್ನಿ, ಊರಿನ ಮಕ್ಕಳನ್ನು ಓದಿಸಿ.’

ನಮ್ಮ ಗುಂಪಿಗೆ ಹೆಸರಿಲ್ಲ, ಲೆಟರ್‌ಹೆಡ್ ಇಲ್ಲ, ಅಧ್ಯಕ್ಷ-ಕಾರ್ಯದರ್ಶಿ ಎಂಬ ಹುದ್ದೆಗಳೂ ಇಲ್ಲ. ಇಪ್ಪತ್ತು ಮನೆಗಳು ಸೇರಿ ಊರಿನ ಕೆಲವು ಮಕ್ಕಳ ಓದಿನ ಖರ್ಚು ನೋಡಿಕೊಳ್ಳುತ್ತಿದ್ದೇವೆ, ಅಷ್ಟೇ. ಹೇಳಿಕೊಳ್ಳುವಂಥ ದೊಡ್ಡ ಕೆಲಸವೇನಲ್ಲ. ಆದರೂ ಇದನ್ನು ಬರೆಯಲು ಒಂದು ಕಾರಣವಿದೆ. ನಾವು ಮಾಡಿದ ತಪ್ಪುಗಳನ್ನೂ ಕಲಿತ ಪಾಠಗಳನ್ನೂ ಹೇಳಿದರೆ, ಇದೇ ಹಾದಿ ಹಿಡಿಯುವ ಬೇರೆಯವರಿಗೆ ನೆರವಾದೀತು. ಈ ಕೆಲಸದಲ್ಲಿ ಅರ್ಧ ಪಾಲು ಅಮೆರಿಕದಲ್ಲಿರುವ ನಮ್ಮದಾದರೆ, ಉಳಿದರ್ಧ ಊರಿನಲ್ಲಿರುವ ಅಪ್ಪ-ಅಮ್ಮಂದಿರದು, ಅಂದರೆ ಈ ಪುಟವನ್ನು ಓದುತ್ತಿರುವ ನಿಮ್ಮದು.

ಸಮ್ಮೇಳನದ ಮರುದಿನ

2010ರ ಸೆಪ್ಟೆಂಬರ್‌ನಲ್ಲಿ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ಎಡಿಸನ್‌ನಲ್ಲಿ ನಡೆಯಿತು. ಮುಂದೆ 2016ರಲ್ಲಿ ಇದೇ ರಾಜ್ಯದ ಅಟ್ಲಾಂಟಿಕ್ ಸಿಟಿಯಲ್ಲೂ ಸಮ್ಮೇಳನವಾಯಿತು. ಎಡಿಸನ್ ಸಮ್ಮೇಳನದಲ್ಲಿ ನಾವು ಕೆಲವರು ಸ್ವಯಂಸೇವಕರಾಗಿ ಓಡಾಡಿದೆವು. ಊಟದ ಸಾಲು ನೋಡಿಕೊಂಡೆವು, ಅತಿಥಿಗಳನ್ನು ವಿಮಾನ ನಿಲ್ದಾಣದಿಂದ ಕರೆತಂದೆವು. ಎಲ್ಲ ಮುಗಿದು ಮನೆಗೆ ಬಂದ ಮರುದಿನ ಸುಸ್ತಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಒಬ್ಬರು ಕೇಳಿದರು: “ಮೂರು ದಿನದ ಹಬ್ಬಕ್ಕೆ ಇಷ್ಟು ದುಡಿದೆವಲ್ಲ, ವರ್ಷವಿಡೀ ಉಳಿಯುವಂಥದ್ದು ಏನಾದರೂ ಮಾಡೋಣವೇ?”

ಆ ಮಾತಿನಿಂದ ಹುಟ್ಟಿದ್ದು ನಮ್ಮ ಲೆಕ್ಕ. ಮನೆಗೆ ತಿಂಗಳಿಗೆ 25 ಡಾಲರ್. ಓಕ್ ಟ್ರೀ ರಸ್ತೆಯ ಹೋಟೆಲಿನಲ್ಲಿ ಇಬ್ಬರು ದೋಸೆ ತಿಂದು ಎದ್ದರೆ ಆಗುವ ಬಿಲ್ಲಿನಷ್ಟು. ವರ್ಷಕ್ಕೆ ಒಂದು ಮನೆಯಿಂದ 300, ಇಪ್ಪತ್ತು ಮನೆಗಳಿಂದ 6,000 ಡಾಲರ್. ಇದರ ಮೇಲೆ ಯುಗಾದಿ, ರಾಜ್ಯೋತ್ಸವಗಳ ದಿನ ಇಡ್ಲಿ, ಬಿಸಿಬೇಳೆಬಾತ್ ಮಾರಿ ಬಂದದ್ದು. ಈ ಹಣದಲ್ಲಿ ಎಷ್ಟು ಮಕ್ಕಳನ್ನು ಕೊನೆಯ ಪರೀಕ್ಷೆವರೆಗೂ ಓದಿಸಬಹುದೋ ಅಷ್ಟೇ ಮಕ್ಕಳನ್ನು ತೆಗೆದುಕೊಳ್ಳುವುದು, ನಡುವೆ ಯಾರ ಕೈಯನ್ನೂ ಬಿಡಬಾರದು ಎಂಬುದು ನಿಯಮ. ಕಾಗದದ ಮೇಲೆ ಸುಲಭವಾಗಿ ಕಂಡ ಈ ನಿಯಮವೇ ಮುಂದೆ ನಮ್ಮನ್ನು ಹೆಚ್ಚು ಕಾಡಿತು.

ಇಡ್ಲಿ ಮಾರುವುದಕ್ಕೂ ಇಲ್ಲಿ ಕಾನೂನುಂಟು ಎಂಬುದು ಮೊದಲು ನಮಗೆ ಗೊತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿ ಮನೆಯಲ್ಲಿ ಬೇಯಿಸಿದ ಕೇಕು, ಬಿಸ್ಕತ್ತುಗಳನ್ನು ಮಾರಲು ಅನುಮತಿ ಸಿಕ್ಕಿದ್ದೇ 2021ರಲ್ಲಿ. ಇಡೀ ದೇಶದಲ್ಲಿ ಈ ಅನುಮತಿ ಕೊಟ್ಟ ಕೊನೆಯ ರಾಜ್ಯ ಇದು. ಇಡ್ಲಿ, ಚಟ್ನಿಯಂಥ ಬೇಗ ಕೆಡುವ ಆಹಾರಕ್ಕೆ ಆ ಸವಲತ್ತೂ ಇಲ್ಲ. ಆದ್ದರಿಂದ ಪರವಾನಗಿ ಇರುವ ಅಡುಗೆಮನೆಯಲ್ಲೇ ಮಾಡಬೇಕು, ಊರಿನ ಆರೋಗ್ಯ ಇಲಾಖೆಯಿಂದ ಆ ದಿನದ ಮಟ್ಟಿಗೆ ಅನುಮತಿ ಪಡೆಯಬೇಕು. ಬೆಳಗಿನ ಜಾವ ಎದ್ದು ಸಭಾಂಗಣಕ್ಕೆ ಓಡುವುದು ಇದಕ್ಕಾಗಿಯೇ.

ಕೊಟ್ಟ ಫೀಸು, ಬಿಟ್ಟ ಓದು

ಮೊದಲ ವರ್ಷಗಳಲ್ಲಿ ನಾವು ತೆಗೆದುಕೊಂಡ ಮಕ್ಕಳಲ್ಲಿ ಅರಸೀಕೆರೆ ತಾಲ್ಲೂಕಿನ ಒಬ್ಬ ಹುಡುಗನಿದ್ದ. ಮಳೆ ಕೈಕೊಟ್ಟು ತೆಂಗಿನ ಮರಗಳು ಸುಳಿ ಒಣಗಿ ನಿಂತಿದ್ದ ಕಾಲ. ಅಪ್ಪ ಇಲ್ಲ, ತಾಯಿ ಕೂಲಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು ಹಾಸನದಲ್ಲಿ ಡಿಪ್ಲೊಮಾಕ್ಕೆ ಸೇರಿದ್ದ. ಫೀಸು ಸರಿಯಾದ ದಿನಕ್ಕೆ ಕಟ್ಟಿಸಿದೆವು. ರಸೀದಿಯ ನಕಲು ಇಮೇಲಿನಲ್ಲಿ ಬಂತು, ಎಲ್ಲರಿಗೂ ಸಂತೋಷವಾಯಿತು. ಎರಡನೆಯ ವರ್ಷ ಫೀಸಿನ ಕಾಲ ಬಂದಾಗ ಹುಡುಗನ ಸುಳಿವಿಲ್ಲ. ವಿಚಾರಿಸಿದರೆ, ಓದು ಬಿಟ್ಟು ಬೈಕ್ ಗ್ಯಾರೇಜಿಗೆ ಸೇರಿದ್ದ.

ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂತು. “ಅವಕಾಶ ಕೊಟ್ಟರೂ ಬಳಸಿಕೊಳ್ಳಲಿಲ್ಲವಲ್ಲ” ಎಂದರು. ನಮ್ಮ ಗುಂಪಿನ ಒಬ್ಬರ ತಂದೆ ಹಾಸನ ಜಿಲ್ಲೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಗ ಫೋನಿನಲ್ಲಿ ವಿಷಯ ಹೇಳಿದಾಗ ಅವರೇ ಬಸ್ಸು ಹತ್ತಿ ಹುಡುಗನ ಊರಿಗೆ ಹೋಗಿ ಬಂದರು. ಆಮೇಲೆ ಹೇಳಿದ್ದು ಇಷ್ಟು:

“ದುಡ್ಡು ಕಳಿಸೋದು ಸುಲಭ ಕಣಪ್ಪ. ಆ ಹುಡುಗ ಬೆಳಿಗ್ಗೆ ಏನು ತಿಂದು ಕಾಲೇಜಿಗೆ ಹೋಗ್ತಾನೆ ಅಂತ ನಿಮ್ಮಲ್ಲಿ ಯಾರಾದ್ರೂ ಕೇಳಿದ್ರಾ?”

ಕೇಳಿರಲಿಲ್ಲ. ಹುಡುಗನಿಗೆ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿರಲಿಲ್ಲ. ದಿನಾ ಊರಿನಿಂದ ಓಡಾಡುತ್ತಿದ್ದ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟವಿಲ್ಲ. ಮನೆಯಲ್ಲಿ ತಂಗಿಯ ಶಾಲೆ, ತಾಯಿಯ ಔಷಧ. ಕಾಲೇಜಿನ ಫೀಸು ಅವನ ಕಷ್ಟದಲ್ಲಿ ಒಂದು ತುಣುಕು ಮಾತ್ರ. ನಾವು ಆ ತುಣುಕನ್ನು ಕಟ್ಟಿ, ಇಡೀ ಹುಡುಗನನ್ನೇ ಓದಿಸಿದೆವು ಅಂದುಕೊಂಡಿದ್ದೆವು.

ಅಂದಿನಿಂದ ನಮ್ಮ ಅರ್ಜಿ ನಮೂನೆ ಬದಲಾಯಿತು. ಅಂಕಪಟ್ಟಿಯ ಜೊತೆಗೆ ಬಸ್ ಪಾಸು, ಊಟ, ಹಾಸ್ಟೆಲ್, ಪುಸ್ತಕ, ಮನೆಯಲ್ಲಿ ದುಡಿಯುವವರು ಎಷ್ಟು ಜನ, ಹುಡುಗ ಓದಲು ಹೋದರೆ ಮನೆಯ ಯಾವ ದುಡಿಮೆ ನಿಲ್ಲುತ್ತದೆ, ಇವೆಲ್ಲವನ್ನೂ ಕೇಳತೊಡಗಿದೆವು. ಸರ್ಕಾರದಿಂದ ಸಿಗುವುದನ್ನು ಮೊದಲು ಪಡೆಯಬೇಕು ಎಂಬುದೂ ಮೇಷ್ಟ್ರೇ ಹೇಳಿಕೊಟ್ಟದ್ದು. ಉದಾಹರಣೆಗೆ, ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ರಾಜ್ಯ ಸರ್ಕಾರ 2013ರಲ್ಲಿ ‘ವಿದ್ಯಾಸಿರಿ’ ಯೋಜನೆ ತಂದಿತು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಅರ್ಜಿ ಹಾಕುವ ಕೊನೆಯ ದಿನ, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಇವುಗಳಲ್ಲಿ ಯಾವುದೋ ಒಂದು ತಪ್ಪಿ ಎಷ್ಟೋ ಮಕ್ಕಳಿಗೆ ಇಂಥ ಹಣ ಕೈಗೆ ಬರುವುದಿಲ್ಲ. ಅರ್ಜಿ ತುಂಬಲು ಜೊತೆಗೆ ಕೂರುವ ಒಬ್ಬ ಹಿರಿಯರಿದ್ದರೆ ನಮ್ಮ ಡಾಲರುಗಳಿಗಿಂತ ಹೆಚ್ಚು ಉಪಕಾರವಾಗುತ್ತದೆ.

ಆ ಹುಡುಗ ಮತ್ತೆ ಕಾಲೇಜಿಗೆ ಬರಲಿಲ್ಲ. ಮೇಷ್ಟ್ರು ಎರಡು ಸಲ ಕೇಳಿದರು, ಅವನು ನಕ್ಕು ಸುಮ್ಮನಾದನಂತೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಅವನ ಪುಟವನ್ನು ಹಾಗೇ ಉಳಿಸಿಕೊಂಡಿದ್ದೇವೆ.

ವಾರಾನ್ನದ ನಾಡಿನವರು

ಇನ್ನೊಬ್ಬರ ಮಕ್ಕಳನ್ನು ಓದಿಸುವುದು ನಮ್ಮ ನಾಡಿಗೆ ಹೊಸದೇನಲ್ಲ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಪದ್ಧತಿಯ ಕಥೆಗಳನ್ನು ಅಜ್ಜಂದಿರಿಂದ ಕೇಳಿಯೇ ನಾವು ಬೆಳೆದವರು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಬೇರೆಯವರ ಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚು ಹೊಂದಿಸಿಕೊಂಡರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿ ಜಾತಿ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಬಂದ. ಮುಂದೆ ಅದೇ ಹುಡುಗ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿ, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದ ಡಾ. ಎಚ್. ನರಸಿಂಹಯ್ಯ. ಯಾರೋ ಒಬ್ಬರು ಒಂದು ಹೊತ್ತಿನ ಅನ್ನ, ಮಲಗಲು ಒಂದು ಮೂಲೆ ಕೊಟ್ಟಿದ್ದರಿಂದ ಓದಿದವರ ಸಾಲು ನಮ್ಮಲ್ಲಿ ಉದ್ದವಿದೆ. ನಮ್ಮ ಗುಂಪಿನಲ್ಲೂ ಇಬ್ಬರು ಸರ್ಕಾರಿ ಹಾಸ್ಟೆಲಿನಲ್ಲಿ ಓದಿ ಇಲ್ಲಿಯವರೆಗೆ ಬಂದವರು.

ಹೊರದೇಶದಿಂದ ಸಣ್ಣ ಮೊತ್ತ ಕೂಡಿಸಿ ಊರಿನ ಮಕ್ಕಳನ್ನು ಓದಿಸುವ ಕೆಲಸವೂ ನಮ್ಮಿಂದ ಶುರುವಾದದ್ದಲ್ಲ. ‘ಆಶಾ ಫಾರ್ ಎಜುಕೇಶನ್’ 1991ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಕೆಲವು ಭಾರತೀಯ ವಿದ್ಯಾರ್ಥಿಗಳಿಂದ ಹುಟ್ಟಿತು. ಸಂಬಳದ ನೌಕರರಿಲ್ಲದೆ ಸ್ವಯಂಸೇವಕರಿಂದಲೇ ನಡೆಯುವ ಅದರ ಶಾಖೆ ನ್ಯೂಯಾರ್ಕ್-ನ್ಯೂಜೆರ್ಸಿಯಲ್ಲೂ ಇದೆ. ಅದರ ಸ್ಥಾಪಕರಲ್ಲಿ ಒಬ್ಬರಾದ ಸಂದೀಪ್ ಪಾಂಡೆ ಅವರಿಗೆ 2002ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಎಚ್.ಡಿ. ಕೋಟೆಯ ಕಾಡಂಚಿನ ಬುಡಕಟ್ಟು ಮಕ್ಕಳಿಗಾಗಿ ದನದ ಕೊಟ್ಟಿಗೆಯಲ್ಲಿ ಶಾಲೆ ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ್ದು. ಅದಕ್ಕೂ ಅಮೆರಿಕದಲ್ಲಿ ಬೆಂಬಲಿಗರಿದ್ದಾರೆ.

ಒಬ್ಬರ ಕೈ ಸೋತಾಗ

ನಮ್ಮ ಕಣ್ಣು ತೆರೆಸಿದ ಇನ್ನೊಂದು ಉದಾಹರಣೆ ನ್ಯೂಜೆರ್ಸಿಯ ನಂಟಿನದು. ಕೇರಳ ಮೂಲದ ಅಬ್ರಹಾಂ ಜಾರ್ಜ್ ಭಾರತೀಯ ಸೇನೆಯಲ್ಲಿ ಅಧಿಕಾರಿಯಾಗಿದ್ದು, ಬಳಿಕ ಅಮೆರಿಕಕ್ಕೆ ಬಂದು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿದವರು. 1990ರ ದಶಕದಲ್ಲಿ ಊರಿನ ಕಡೆ ಮುಖ ಮಾಡಿ, ಹೊಸೂರು ಸೀಮೆಯ ಬಾಲಿಗಾನಪಳ್ಳಿಯಲ್ಲಿ 1997ರಲ್ಲಿ ‘ಶಾಂತಿ ಭವನ’ ಶಾಲೆ ತೆರೆದರು. ಅದು ಇಂದಿನ ಕೃಷ್ಣಗಿರಿ ಜಿಲ್ಲೆ, ನಮ್ಮ ಗಡಿಗೆ ಅಂಟಿಕೊಂಡಂತಿರುವ ಪ್ರದೇಶ. ಕರ್ನಾಟಕ, ತಮಿಳುನಾಡಿನ ಅತ್ಯಂತ ಬಡ ಕುಟುಂಬಗಳ ಮಕ್ಕಳನ್ನು ನಾಲ್ಕರ ಆಸುಪಾಸಿನ ವಯಸ್ಸಿನಲ್ಲೇ ಸೇರಿಸಿಕೊಂಡು, ಕಾಲೇಜು ಮುಗಿಸಿ ಕೆಲಸ ಹಿಡಿಯುವವರೆಗೂ ನೋಡಿಕೊಳ್ಳುವುದು ಅದರ ರೀತಿ. ಅಲ್ಲಿ ಓದಿದ ಶಿಲ್ಪಾ ರಾಜ್ ಆನೆ ಓಡಿಸುವ ಕಾವಲುಗಾರನ ಮಗಳು. ತನ್ನ ಬದುಕನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದಿದ್ದಾರೆ. 2017ರಲ್ಲಿ ಆ ಶಾಲೆಯ ಹೆಣ್ಣುಮಕ್ಕಳ ಕುರಿತು ನೆಟ್‌ಫ್ಲಿಕ್ಸ್‌ನಲ್ಲಿ ಸಾಕ್ಷ್ಯಚಿತ್ರ ಸರಣಿ ಬಂದಾಗ ನಾವು ಮನೆಮಂದಿಯೆಲ್ಲ ಕೂತು ನೋಡಿದೆವು.

ಆ ಶಾಲೆ ಮೊದಲ ದಶಕದಲ್ಲಿ ಬಹುಪಾಲು ಸ್ಥಾಪಕರ ಸ್ವಂತ ಹಣದಿಂದಲೇ ನಡೆಯಿತು. 2008ರ ಆರ್ಥಿಕ ಕುಸಿತ ಆ ಹಣಕ್ಕೂ ತಟ್ಟಿತು. ಆಮೇಲೆ ಶಾಲೆ ಉಳಿದದ್ದು ಹಲವು ದಾನಿಗಳ ಕಡೆ ಕೈಚಾಚಿದ್ದರಿಂದ. ಒಬ್ಬ ಶ್ರೀಮಂತನ ದೊಡ್ಡ ಮನಸ್ಸು ಶಾಲೆಯನ್ನು ಕಟ್ಟಬಲ್ಲದು. ಅದು ವರ್ಷವರ್ಷವೂ ನಡೆಯಬೇಕಾದರೆ ಬೇರೆ ಬೇರೆ ಕಡೆಯಿಂದ ಬರುವ ಸಣ್ಣ ಸಣ್ಣ ಹಣವೂ ಬೇಕು. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅದು ಮೊತ್ತದ ಮಾತು ಎಂದುಕೊಂಡಿದ್ದೆವು. ಒಂದು ಹನಿ ನಿಂತರೂ ಹಳ್ಳ ಬತ್ತದಿರುವುದು ಅದರ ಇನ್ನೊಂದು ಅರ್ಥವೆಂದು ತಿಳಿದದ್ದು ಆಗ.

2020: ಎರಡೂ ಕಡೆ ಬಾಗಿಲು

ನಮಗೂ ಅಂಥ ವರ್ಷ ಬಂತು. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಕೊರೊನಾ ನ್ಯೂಯಾರ್ಕ್-ನ್ಯೂಜೆರ್ಸಿಯನ್ನು ಹೇಗೆ ಹಿಂಡಿತೆಂಬುದು ಊರಿನವರಿಗೂ ನೆನಪಿರುತ್ತದೆ. ರಾತ್ರಿಯೆಲ್ಲ ಆಂಬುಲೆನ್ಸ್ ಸದ್ದು, ಹಗಲು ನಿಮ್ಮ ಫೋನುಗಳು. ಯುಗಾದಿ ನಡೆಯಲಿಲ್ಲ, ರಾಜ್ಯೋತ್ಸವ ಜೂಮ್‌ನಲ್ಲಾಯಿತು. ಇಡ್ಲಿ ಮಾರುವ ಮಾತೇ ಇಲ್ಲ. ನಮ್ಮಲ್ಲಿ ಮೂವರ ಕೆಲಸ ಹೋಯಿತು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಲು ಸಿಗುವುದು 60 ದಿನ. ಅಂಥ ಮನೆಗೆ ಫೋನು ಮಾಡಿ ತಿಂಗಳ 25 ಡಾಲರ್ ಕೇಳುವುದು ಹೇಗೆ?

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಭಾರತದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ, ಅಂದರೆ ಎಫ್‌ಸಿಆರ್‌ಎಗೆ ತಿದ್ದುಪಡಿ ಬಂತು. ಅಲ್ಲಿಯವರೆಗೆ ನಮ್ಮ ಹಣ ಇಲ್ಲಿನ ನೋಂದಾಯಿತ ಸಂಸ್ಥೆಯೊಂದರ ಮೂಲಕ ಬೆಂಗಳೂರಿನ ದೊಡ್ಡ ಟ್ರಸ್ಟಿಗೆ, ಅಲ್ಲಿಂದ ಹಳ್ಳಿಯ ಸಣ್ಣ ಸಂಸ್ಥೆಗೆ ಹೋಗುತ್ತಿತ್ತು. ತಿದ್ದುಪಡಿಯ ಬಳಿಕ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ವಿದೇಶಿ ದೇಣಿಗೆಯೆಲ್ಲ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯ ಮೂಲಕವೇ ಬರಬೇಕೆಂಬ ನಿಯಮ 2021ರ ಜುಲೈ 1ರಿಂದ ಪೂರ್ತಿ ಜಾರಿಯಾಯಿತು. ಹಣದ ದುರ್ಬಳಕೆ ತಡೆಯಲು ಇದು ಬೇಕು ಎನ್ನುವವರು ಇದ್ದರು, ಸಣ್ಣ ಸಂಸ್ಥೆಗಳ ಉಸಿರು ಕಟ್ಟುತ್ತದೆ ಎನ್ನುವವರೂ ಇದ್ದರು. ನಮ್ಮ ಮುಂದಿದ್ದ ಪ್ರಶ್ನೆ ಮಾತ್ರ ಚಿಕ್ಕದು: ಓದಿನ ನಡುವೆ ಇರುವ ಹನ್ನೊಂದು ಮಕ್ಕಳ ಫೀಸು ಕಟ್ಟುವುದು ಹೇಗೆ?

ಅವರಲ್ಲಿ ನರ್ಸಿಂಗ್ ಎರಡನೆಯ ವರ್ಷದ ಹುಡುಗಿಯೊಬ್ಬಳಿದ್ದಳು. ಫೀಸು ಕಟ್ಟಲು ಕೊನೆಯ ದಿನ ಎದುರಿಗಿತ್ತು. “ಅಪ್ಪನ ಖಾತೆಗೆ ಹಾಕಿದರಾಯಿತು, ಅಲ್ಲಿಂದ ಅವರು ಟ್ರಸ್ಟಿಗೆ ಕೊಡಲಿ” ಎಂದು ಒಬ್ಬರು ಸುಲಭದ ದಾರಿ ಹೇಳಿದರು. ನಮಗೆ ಸಲಹೆ ಕೊಡುವ ಲೆಕ್ಕಪರಿಶೋಧಕರು ಬೇಡವೆಂದರು. ವಿದೇಶಿ ಮೂಲದ ಹಣ ನೇರವಾಗಿ ಬಂದರೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈ ದಾಟಿ ಬಂದರೂ ಕಾನೂನಿನ ಕಣ್ಣಿಗೆ ಅದು ವಿದೇಶಿ ದೇಣಿಗೆಯೇ. ನಮ್ಮ ಒಳ್ಳೆಯತನಕ್ಕೆ ಊರಿನಲ್ಲಿರುವ ಅಪ್ಪಂದಿರು ನೋಟಿಸಿಗೆ ಉತ್ತರ ಕೊಡುವಂತಾಗಬಾರದು.

ದಾರಿ ಸಿಕ್ಕಿದ್ದು ಪಾಸ್‌ಪೋರ್ಟಿನ ಬಣ್ಣದಲ್ಲಿ. ಭಾರತದ ಪೌರರಾಗಿಯೇ ಉಳಿದ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ದೇಣಿಗೆಯನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರದು, ಅವರ ಬಳಿ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಹತ್ತು ವರ್ಷ ಒಂದೇ ಒಲೆಯ ಮುಂದೆ ನಿಂತು ಇಡ್ಲಿ ಬೇಯಿಸಿದ ನಾವು ಅಂದು ಎರಡು ಪಟ್ಟಿಯಾದೆವು. ಭಾರತೀಯ ಪಾಸ್‌ಪೋರ್ಟಿನವರು ಹಳ್ಳಿಯ ಸಂಸ್ಥೆಗೆ ನೇರವಾಗಿ ಕೊಟ್ಟರು. ಉಳಿದವರ ಹಣ ಎಫ್‌ಸಿಆರ್‌ಎ ನೋಂದಣಿಯಿದ್ದ ಟ್ರಸ್ಟಿಗೆ ಹೋಯಿತು. ಆ ಟ್ರಸ್ಟು ಹಣವನ್ನು ದಾಟಿಸದೆ, ಉಳಿದ ಮಕ್ಕಳನ್ನು ತನ್ನದೇ ವಿದ್ಯಾರ್ಥಿವೇತನದ ಪಟ್ಟಿಗೆ ಸೇರಿಸಿಕೊಂಡಿತು. ಕೆಲಸ ಕಳೆದುಕೊಂಡವರ ಪಾಲನ್ನು ಬೇರೆಯವರು ಹಂಚಿಕೊಂಡರು. ಯಾರದು ಎಷ್ಟು ಎಂದು ಇಂದಿಗೂ ಯಾರೂ ಕೇಳಿಲ್ಲ.

ಆದರೆ ದೆಹಲಿ ಖಾತೆಯ ಕಾಗದಪತ್ರಗಳಿಗೆ ತಿಂಗಳುಗಳೇ ಹಿಡಿದವು. ಆ ನಡುವಿನ ಅವಧಿಯಲ್ಲಿ ಮೇಷ್ಟ್ರು ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಕಾಲೇಜಿಗೆ ಹೋದರು. ಪ್ರಾಂಶುಪಾಲರ ಮುಂದೆ ಕೂತು, “ಹಣ ಬಂದೇ ಬರುತ್ತೆ, ನಾನು ಜವಾಬ್ದಾರಿ. ಹುಡುಗೀನ ಕ್ಲಾಸಿನಿಂದ ಹೊರಗೆ ಕೂರಿಸಬೇಡಿ” ಎಂದರು. ಕಂತಿನಲ್ಲಿ ಕಟ್ಟಲು ಸಮಯ ಸಿಕ್ಕಿತು. ಎಪ್ಪತ್ತು ದಾಟಿದ ಹಿರಿಯರು ಆ ಕಾಲದಲ್ಲಿ ಹೊರಗೆ ಹೋದರೆಂದು ಮಗನಿಗೆ ಗೊತ್ತಾದದ್ದು ವಾರದ ಮೇಲೆ. ಬೈಯಬೇಕೆಂದು ಫೋನು ಮಾಡಿ, ಬೈಯಲಾಗದೆ ಇಟ್ಟುಬಿಟ್ಟೆ ಎಂದು ನಮ್ಮೊಡನೆ ಹೇಳಿಕೊಂಡ.

“ನನ್ನ ಫೋಟೊ ಹಾಕಬೇಡಿ”

ಹಣ ಕೂಡಿಸುವವರಿಗೆ ಮುಖ ಬೇಕು. ಸಭೆಯಲ್ಲಿ ಮಗುವಿನ ಚಿತ್ರ ತೋರಿಸಿ ಕಷ್ಟ ಹೇಳಿದರೆ ಡಬ್ಬಿಗೆ ಬೇಗ ಹಣ ಬೀಳುತ್ತದೆ. ನಾವೂ ಹಾಗೇ ಮಾಡುತ್ತಿದ್ದೆವು. ಒಂದು ವರ್ಷ ಅದೇ ನರ್ಸಿಂಗ್ ಹುಡುಗಿ ಸಂದೇಶ ಕಳಿಸಿದಳು: “ನನ್ನ ಫೋಟೊ ಹಾಕಬೇಡಿ ಸರ್. ನಮ್ಮೂರಿನವರು ಅಲ್ಲೂ ಇರುತ್ತಾರೆ.” ಮೊದಲು ನಮಗೆ ಇರುಸುಮುರುಸಾಯಿತು. ಯೋಚಿಸಿದಾಗ ಅವಳದೇ ಸರಿ ಎನ್ನಿಸಿತು. ನಮ್ಮ ಮಕ್ಕಳ ಕಾಲೇಜು ಸಾಲದ ಲೆಕ್ಕವನ್ನು ನಾವು ತೆರೆಯ ಮೇಲೆ ತೋರಿಸುತ್ತೇವೆಯೇ? ಈಗ ಫೋಟೊ ಇಲ್ಲ, ಹೆಸರಿಲ್ಲ. ಕೋರ್ಸು, ಜಿಲ್ಲೆ, ಖರ್ಚಿನ ವಿವರ ಇಷ್ಟೇ. ಮೊದಲ ವರ್ಷ ಡಬ್ಬಿಯ ಹಣ ಇಳಿಯಿತು. ಕೊಡುವವರು ಕಡಿಮೆಯಾದರೂ ತಿಂಗಳ ಪಾಲು ಕೊಡುವವರು ಬಿಟ್ಟುಹೋಗಲಿಲ್ಲ.

ಕೈಹಾಕುವವರಿಗೆ ಕೆಲವು ಮಾತು

ಅಮೆರಿಕದಲ್ಲಿರುವ ನಿಮ್ಮ ಮಗ, ಮಗಳು, ಅಳಿಯ, ಸೊಸೆ ಇಂಥ ಕೆಲಸಕ್ಕೆ ಮನಸ್ಸು ಮಾಡಿದರೆ ಹೇಳಿ: ಹೊಸ ಸಂಸ್ಥೆ ಕಟ್ಟಲು ಓಡಬೇಕಿಲ್ಲ. ತೆರಿಗೆ ಇಲಾಖೆಯ 501(ಸಿ)(3) ಮಾನ್ಯತೆ ಇರುವ ಹಳೆಯ ಸಂಸ್ಥೆಗಳ ಮೂಲಕವೇ ಮಾಡಬಹುದು. ವರ್ಷಕ್ಕೆ 50,000 ಡಾಲರಿಗಿಂತ ಕಡಿಮೆ ವರಮಾನದ ಸಣ್ಣ ಸಂಸ್ಥೆಗಳಿಗೆ ಸರಳ ಅರ್ಜಿ ನಮೂನೆ 2014ರಿಂದ ಇದೆ. ಆದರೆ ಒಮ್ಮೆ ಕಟ್ಟಿದರೆ ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು, ರಾಜ್ಯದ ನಿಯಮಗಳನ್ನೂ ನೋಡಬೇಕು. ಊರಿನ ಟ್ರಸ್ಟಿಗೆ ನೇರವಾಗಿ ಕೊಟ್ಟ ಹಣಕ್ಕೆ ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಕೊಟ್ಟರೆ ಇನ್ನೊಂದು ಲಾಭವಿದೆ. ಇಲ್ಲಿನ ಹಲವು ಬ್ಯಾಂಕುಗಳು, ಔಷಧ ಕಂಪನಿಗಳು ನೌಕರ ಕೊಟ್ಟಷ್ಟನ್ನು ತಾವೂ ಸೇರಿಸಿ ಕೊಡುತ್ತವೆ. ಎಷ್ಟೋ ಮಂದಿ ಆ ಅರ್ಜಿ ತುಂಬುವುದನ್ನೇ ಮರೆಯುತ್ತಾರೆ.

ಊರಿನಲ್ಲಿರುವ ನಿಮಗೆ ನಮ್ಮ ಕೋರಿಕೆ ಮೂರು. ಒಂದು, ವಾಟ್ಸ್‌ಆ್ಯಪ್‌ನಲ್ಲಿ ಬರುವ ಮನಕಲಕುವ ಮನವಿಯನ್ನು ಮಕ್ಕಳಿಗೆ ಕಳಿಸುವ ಮೊದಲು ಆ ಶಾಲೆಗೋ ಕಾಲೇಜಿಗೋ ಒಂದು ಫೋನು ಮಾಡಿ. ಎರಡು, ಹಣವನ್ನು ವ್ಯಕ್ತಿಯ ಕೈಗೆ ನಗದಾಗಿ ಕೊಡದೆ ಕಾಲೇಜಿನ ಖಾತೆಗೇ ಕಟ್ಟಿ, ರಸೀದಿ ಪಡೆಯಿರಿ. ವಿದೇಶಿ ದೇಣಿಗೆಯಾದರೆ ಟ್ರಸ್ಟಿನ ಎಫ್‌ಸಿಆರ್‌ಎ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ನೋಡಿ. ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ವಿವರ ಗೃಹ ಸಚಿವಾಲಯದ ಜಾಲತಾಣದಲ್ಲಿದೆ. ಮೂರು, ಸಾಧ್ಯವಾದರೆ ಒಬ್ಬ ವಿದ್ಯಾರ್ಥಿಯನ್ನು ತಿಂಗಳಿಗೊಮ್ಮೆ ಮಾತನಾಡಿಸಿ. ಬುದ್ಧಿ ಹೇಳಲು ಅಲ್ಲ, ಊಟ ಆಯಿತಾ ಎಂದು ಕೇಳಲು.

ಆ ನರ್ಸಿಂಗ್ ಹುಡುಗಿ ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಕಳೆದ ಬಾರಿ ಹೊಸ ಅರ್ಜಿದಾರರನ್ನು ಮಾತನಾಡಿಸಲು ಮೇಷ್ಟ್ರು ಅವಳನ್ನೂ ಕರೆದುಕೊಂಡು ಹೋಗಿದ್ದರು. ನಾವು ವಿಡಿಯೊ ಕಾಲ್‌ನಲ್ಲಿದ್ದೆವು. ನಮ್ಮ ಪ್ರಶ್ನೆಗಳೆಲ್ಲ ಅಂಕ, ಆದಾಯ, ಮುಂದಿನ ಗುರಿ ಇತ್ಯಾದಿ. ಅವಳು ಎದುರು ಕೂತಿದ್ದ ಹುಡುಗಿಯನ್ನು ಕೇಳಿದ್ದು ಒಂದೇ: “ಭಾನುವಾರ ರಾತ್ರಿ ಹಾಸ್ಟೆಲಲ್ಲಿ ಅಡುಗೆ ಮಾಡಲ್ಲ. ಅವತ್ತು ಏನು ತಿಂತೀಯ?”

ಅರ್ಜಿ ನಮೂನೆಯಲ್ಲಿ ಆ ಪ್ರಶ್ನೆಯನ್ನೂ ಸೇರಿಸಿದ್ದೇವೆ. ಮುಂದಿನ ಶನಿವಾರಕ್ಕೆ ಅಕ್ಕಿ ನೆನೆಹಾಕಬೇಕು. ಈ ಸಲ ನಾಲ್ಕು ಹೊಸ ಮಕ್ಕಳಿದ್ದಾರೆ, ಒಂದಿಷ್ಟು ಹೆಚ್ಚೇ ನೆನೆಹಾಕುತ್ತೇವೆ.